ಹಂದಿಮರಿಗೆ ಹೆಸರಿಟ್ಟ ಹುಡುಗ

ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಒಂದು ರಾತ್ರಿ ಎರಡು ಗಂಟೆಯವರೆಗೆ ಎದ್ದು ಕೂತು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದಿದೆ. ಬೆಳಗ್ಗೆ ಕಣ್ಣು ಕೆಂಪಗಾಗಿತ್ತು. ಅಮ್ಮ ಕಾಫಿ ಕೊಡುತ್ತಾ, "ಅದೇನ್ ಅಂಥಾ ಕತೆ, ನಿದ್ದೆಗೆಟ್ಟು ಓದೋವಂಥದ್ದು?" ಅಂತ ಕೇಳಿದರು. ಹೇಳಿದೆ. ಒಂದು ಹುಡುಗಿ ಇದ್ದಾಳೆ. ನೂರು ಹಳೇ ಪದ್ಯಗಳು ಅವಳಿಗೆ ಬಾಯಿಗೆ ಬರುತ್ತವೆ. ಒಬ್ಬರು ಪದ್ಯ ಓದುತ್ತಾರೆ. ಆ ಪದ್ಯದ ಉಳಿದರ್ಧ ಬರೆದಿರುವ ಕಾರ್ಡು ನೆಲದ ಮೇಲೆ ಎಲ್ಲೋ ಇರುತ್ತದೆ. ಎದುರಾಳಿಗಿಂತ ಮೊದಲು ಅದನ್ನು ಮುಟ್ಟಬೇಕು. "ಆಮೇಲೆ?" ಅಂದರು ಅಮ್ಮ. ಆಮೇಲೆ ಇನ್ನೊಂದು ಪದ್ಯ ಓದುತ್ತಾರೆ, ಅಂದೆ. ಅಮ್ಮ ಸ್ವಲ್ಪ ಹೊತ್ತು ಕಾದರು. ಮುಂದೆ ಏನೋ ಬರುತ್ತದೆ ಅಂದುಕೊಂಡಿರಬೇಕು. ನಾನು ಸುಮ್ಮನಾದೆ. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು.

ಇದು ನನ್ನನ್ನು ಬಹಳ ದಿನ ಕಾಡಿತು. ರಾತ್ರಿ ಎದೆ ಹೊಡೆದುಕೊಂಡಿದ್ದು ನಿಜ. ಬೆಳಗ್ಗೆ ಬಾಯಿಬಿಟ್ಟು ಹೇಳಿದಾಗ ಅದು ಏನೂ ಅಲ್ಲದ ಹಾಗೆ ಆಗಿದ್ದೂ ನಿಜ. ನಮ್ಮ ಸಿನಿಮಾದವರು ಕಥೆಯ ಎಳೆ ಅಂತಾರಲ್ಲ, ಆ ಎಳೆಯನ್ನು ಮಾತ್ರ ಹಿಡಿದು ನೋಡಿದರೆ ನಾನು ಪ್ರೀತಿಯಿಂದ ಓದಿದ ಮಾಂಗಾಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ. ಒಬ್ಬ ಹುಡುಗ ಜಪಾನಿಗೆ ತನ್ನದೇ ಆದ ಒಂದು ಬ್ರೆಡ್ಡು ಬೇಕು ಅಂತ ಹೊರಡುತ್ತಾನೆ. ವೈನ್ ವಿಮರ್ಶಕನ ಮಗ, ವೈನನ್ನೇ ಮುಟ್ಟದವನು, ಅಪ್ಪ ಸತ್ತ ಮೇಲೆ ಅವನು ಉಯಿಲಿನಲ್ಲಿ ಬಣ್ಣಿಸಿದ ವೈನುಗಳನ್ನು ರುಚಿಯಿಂದಲೇ ಪತ್ತೆ ಮಾಡಬೇಕು. ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಒಬ್ಬನಿಗೆ ಸೂಕ್ಷ್ಮಜೀವಿಗಳು ಬರಿಗಣ್ಣಿಗೆ ಕಾಣುತ್ತವೆ, ಅವನ ಜೊತೆ ಮಾತೂ ಆಡುತ್ತವೆ. ಬುದ್ಧ ಮತ್ತು ಯೇಸು ರಜೆ ಹಾಕಿ ಟೋಕಿಯೊ ಪಕ್ಕದ ತಾಚಿಕಾವಾದಲ್ಲಿ ಒಂದು ಚಿಕ್ಕ ಬಾಡಿಗೆ ಮನೆ ಹಿಡಿದು, ತಿಂಗಳ ಖರ್ಚು ನೋಡಿಕೊಂಡು ಬದುಕುತ್ತಾರೆ. ಗೆಳೆಯರಿಗೆ ಹೇಳಿದರೆ "ಜಪಾನಿನವರಿಗೆ ಎಷ್ಟು ಕಲ್ಪನೆ ಅಲ್ವಾ" ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಇದು ಕಲ್ಪನೆಯ ವಿಷಯ ಅಷ್ಟೇ ಅಲ್ಲ ಅಂತ ಮೊದಲಿಂದಲೂ ಅನ್ನಿಸುತ್ತಿತ್ತು. ಆದರೆ ಏನು ಅಂತ ಹೇಳಲು ಬರುತ್ತಿರಲಿಲ್ಲ.

ಒಂದು ಅಕ್ಷರ ಕೇಳುವಷ್ಟರಲ್ಲಿ

ಆ ರಾತ್ರಿ ಓದಿದ್ದು 'ಚಿಹಾಯಾಫುರು'. ಯುಕಿ ಸುಎತ್ಸುಗು ಎಂಬವರು 2007ರ ಕೊನೆಯಲ್ಲಿ ಶುರು ಮಾಡಿ 2022ರವರೆಗೆ ಬರೆದದ್ದು. ಒಟ್ಟು 50 ಸಂಪುಟ. ಆಟದ ಹೆಸರು ಕರುತಾ. 13ನೇ ಶತಮಾನದಲ್ಲಿ ಫುಜಿವಾರಾ ನೊ ತೆಯ್ಕಾ ಎಂಬ ಕವಿ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿ ಕಟ್ಟಿದ ಸಂಕಲನವೇ ಈ ಆಟದ ಬುನಾದಿ. ನೂರು ಕಾರ್ಡಿನಲ್ಲಿ ಐವತ್ತು ಮಾತ್ರ ಚಾಪೆಯ ಮೇಲೆ ಬರುತ್ತವೆ, ಒಬ್ಬೊಬ್ಬರ ಮುಂದೆ ಇಪ್ಪತ್ತೈದು. ಯಾವುದು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಲು ಹದಿನೈದು ನಿಮಿಷ. ಆದರೆ ಓದುವವರು ನೂರು ಪದ್ಯಗಳಲ್ಲಿ ಯಾವುದನ್ನಾದರೂ ಓದಬಹುದು. ನೆಲದ ಮೇಲೆ ಇಲ್ಲದ ಪದ್ಯಕ್ಕೆ ಕೈ ಹಾಕಿ ಕಾರ್ಡು ಮುಟ್ಟಿದರೆ ತಪ್ಪು.

ಇಷ್ಟು ತಿಳಿದರೂ ಇನ್ನೂ ಆಟ ಗೊತ್ತಾಗಿಲ್ಲ. ನಿಜವಾದ ಆಟ ಇರುವುದು ಕಿಮಾರಿಜಿಯಲ್ಲಿ. ಯಾವ ಅಕ್ಷರಕ್ಕೆ ಬಂದಾಗ 'ಇದು ಇದೇ ಪದ್ಯ, ಬೇರೆಯಲ್ಲ' ಅಂತ ಖಾತ್ರಿಯಾಗುತ್ತದೋ ಅಲ್ಲಿಯವರೆಗಿನ ಅಕ್ಷರಗಳು ಅವು. 'ಮು' ಅಂತ ಶುರುವಾಗುವ ಪದ್ಯ ನೂರರಲ್ಲಿ ಒಂದೇ ಒಂದು. 'ಮು' ಅಂದ ತಕ್ಷಣ ಕೈ ಹೋಗಬಹುದು. ಇಂಥ ಒಂದಕ್ಷರದ ಪದ್ಯಗಳು ಏಳಿವೆ. ಇನ್ನು ಕೆಲವು ಪದ್ಯಗಳು ಐದನೇ ಅಕ್ಷರದವರೆಗೆ ಜೋಡಿಯಾಗಿಯೇ ಬರುತ್ತವೆ. 'ಅಸಾಬೊರಾಕೆ' ಅಂತ ಶುರುವಾಗುವವು ಎರಡು. ಮುಂದಿನದು 'ಅ' ಬರುತ್ತೋ 'ಉ' ಬರುತ್ತೋ ಅಂತ ಉಸಿರು ಹಿಡಿದು ಕಾಯಬೇಕು. ನನಗೆ ತುಂಬಾ ಇಷ್ಟವಾಗಿದ್ದು ಇನ್ನೂ ಒಂದು ಸಂಗತಿ. ಕಿಮಾರಿಜಿ ಆಟದ ನಡುವೆ ಬದಲಾಗುತ್ತಾ ಹೋಗುತ್ತದೆ. 'ಉ' ಅಂತ ಶುರುವಾಗುವವು ಎರಡು, 'ಉಕಾ' ಮತ್ತು 'ಉರಾ'. 'ಉಕಾ' ಓದಿ ಮುಗಿದಿದ್ದರೆ, ಉಳಿದ ಪದ್ಯಕ್ಕೆ ಎರಡನೇ ಅಕ್ಷರದವರೆಗೆ ಕಾಯಬೇಕಾಗಿಲ್ಲ, 'ಉ' ಸಾಕು. ಅಂದರೆ ಆಡುವವರು ಮುಂದೆ ಬರುವುದನ್ನು ಕೇಳುತ್ತಿರುವಾಗಲೇ ಹಿಂದೆ ಆಗಿಹೋಗಿದ್ದನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ಈ ಒಂದು ಸಂಗತಿ ಗೊತ್ತಾದ ಮೇಲೆ ಪುಟದ ಮೇಲಿನ ಮೌನವೇ ಬೇರೆಯಾಗಿ ಕೇಳಿಸಿತು. ಓದುವವರು ಬಾಯಿ ತೆರೆಯುವ ಮುಂಚಿನ ಒಂದು ಚಿತ್ರ, ಮಂಡಿಯೂರಿ ಮುಂದೆ ಬಾಗಿದ ಇಬ್ಬರು, ಒಂದೂ ಮಾತಿಲ್ಲ. ಅಲ್ಲಿ ನಾನೂ ಉಸಿರು ಹಿಡಿದಿದ್ದೆ.

ಮೊದಲ ಸಂಪುಟದಲ್ಲೇ ಬರುವ ಒಂದು ಭಾಗ ಹೇಳಬೇಕು. ಕಥೆಯ ಹುಡುಗಿ ಚಿಹಾಯಾ ಆಗ ಆರನೇ ಕ್ಲಾಸು. ಅವಳ ಅಕ್ಕ ಮಾಡೆಲ್. ಅಕ್ಕ ಜಪಾನಿನಲ್ಲೇ ಮೊದಲಿಗಳಾಗಬೇಕು, ಅದೇ ಇವಳ ಕನಸು. ಕ್ಲಾಸಿಗೆ ಅರಾತಾ ಅಂತ ಒಬ್ಬ ಹುಡುಗ ಫುಕುಯಿಯಿಂದ ಹೊಸದಾಗಿ ಬಂದಿದ್ದಾನೆ. ಬಡವ, ಪೇಪರ್ ಹಾಕುತ್ತಾನೆ. ಅವನ ಊರಿನ ಮಾತು ಕೇಳಿ ಉಳಿದವರು ನಗುತ್ತಾರೆ. ಅವನು ಚಿಹಾಯಾಗೆ ಹೇಳುತ್ತಾನೆ: ಅದು ನಿನ್ನ ಕನಸಲ್ಲ, ಇನ್ನೊಬ್ಬರ ಬಗ್ಗೆ ಕಾಣುವುದು ಕನಸಾಗುವುದಿಲ್ಲ. ಆಮೇಲೆ ತನ್ನ ಇಕ್ಕಟ್ಟಾದ ಮನೆಯಲ್ಲಿ ಕಾರ್ಡು ಹರಡಿ ಅವಳ ಜೊತೆ ಆಡುತ್ತಾನೆ. ಶಾಲೆಯಲ್ಲಿ ಬಾಯಿಯೇ ಬಿಡದ ಆ ಹುಡುಗನ ಕೈ ಬೀಸಿದ ರಭಸಕ್ಕೆ ಕಾರ್ಡು ಗಾಳಿಯಲ್ಲಿ ಹಾರುತ್ತದೆ. ಹುಡುಗಿ ಬೆರಗಾಗುತ್ತಾಳೆ. ಅವಳಿಗೆ ಬೆರಗು ಬಂದದ್ದು ಕಾರ್ಡಿನ ಮೇಲಲ್ಲ. ಒಬ್ಬ ಮನುಷ್ಯ ಒಂದು ಸಣ್ಣ ವಸ್ತುವಿಗೆ ಇಷ್ಟೊಂದು ಮನಸ್ಸು ಕೊಡಬಹುದು ಅನ್ನುವುದನ್ನು ಅವಳು ಅದೇ ಮೊದಲು ನೋಡಿದ್ದು. ಅಮ್ಮನಿಗೆ ನಾನು ಹೇಳಬೇಕಾಗಿದ್ದದ್ದು ಇದನ್ನು. ನಾನು ಆಟದ ನಿಯಮ ಹೇಳಿದೆ.

ಮುದ್ದೆ ಒಂದೇ, ಸಾರು ಬೇರೆ

ಇಷ್ಟೊಂದು ಎಳೆಗಳು ಎಲ್ಲಿಂದ ಬರುತ್ತವೆ ಅಂತ ಯೋಚಿಸಿದಾಗ ಮೊದಲು ಕಾಣುವುದು ವಾರಪತ್ರಿಕೆಗಳು. ನಾವು ಇಲ್ಲಿ ಪುಸ್ತಕವಾಗಿ ಓದುವ ಮಾಂಗಾ ಅಲ್ಲಿ ಮೊದಲು ಹುಟ್ಟುವುದು ಪತ್ರಿಕೆಯ ಧಾರಾವಾಹಿಯಾಗಿ. 1959ರಲ್ಲಿ 'ಶೋನೆನ್ ಮ್ಯಾಗಜೀನ್' ಮತ್ತು 'ಶೋನೆನ್ ಸಂಡೇ' ಎರಡೂ ಹುಡುಗರಿಗಾಗಿ ಶುರುವಾದವು. 1968ರಲ್ಲಿ 'ಶೋನೆನ್ ಜಂಪ್' ಬಂದಾಗ ಹೆಸರುವಾಸಿ ಕಲಾವಿದರೆಲ್ಲ ಆಗಲೇ ಬೇರೆ ಕಡೆ ಬರೆಯುತ್ತಿದ್ದರು. ಹಾಗಾಗಿ ಜಂಪ್ ಹೊಸಬರನ್ನೇ ನೆಚ್ಚಿಕೊಂಡಿತು. ಓದುಗರ ಮಾತಿಗೂ ಅಷ್ಟೇ ಬೆಲೆ ಕೊಟ್ಟಿತು. ಪತ್ರಿಕೆಯೊಳಗೇ ಒಂದು ಅಂಚೆ ಕಾರ್ಡು ಇರುತ್ತದೆ. ಈ ವಾರ ಇಷ್ಟವಾದ ಮೂರು ಕಥೆ ಬರೆದು ಕಳಿಸಿ ಅಂತ. ಕಾರ್ಡು ಬರದ ಕಥೆ ಕೆಲವೇ ವಾರಗಳಲ್ಲಿ ನಿಂತುಹೋಗುತ್ತದೆ. 1994ರ ಕೊನೆಯ ಹೊತ್ತಿಗೆ ಈ ಪತ್ರಿಕೆ ವಾರಕ್ಕೆ 65 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚಾಗುತ್ತಿತ್ತು. ಅಷ್ಟು ಜನರ ಎದುರು ಇಪ್ಪತ್ತು ವರ್ಷದ ಹೊಸ ಹುಡುಗನೊಬ್ಬ ತನ್ನ ಕಥೆ ಇಡಬೇಕು. ಅದೇ ಪತ್ರಿಕೆಯಲ್ಲಿ ಹೊಡೆದಾಟದ ದೊಡ್ಡ ದೊಡ್ಡ ಕಥೆಗಳು ಆಗಲೇ ಓಡುತ್ತಿವೆ. ಅವನು ಏನು ಮಾಡಬೇಕು? ಯಾರೂ ಉತ್ತಿಲ್ಲದ ಒಂದು ತುಂಡು ನೆಲ ಹುಡುಕಬೇಕು.

1998ರ ಕೊನೆಯಲ್ಲಿ ಜಂಪ್‌ನಲ್ಲಿ 'ಹಿಕಾರು ನೊ ಗೋ' ಶುರುವಾಯಿತು. ಕಥೆ ಯುಮಿ ಹೊತ್ತಾ, ಚಿತ್ರ ತಾಕೇಶಿ ಒಬಾತಾ. ತಾತನ ಮನೆಯ ಹಳೇ ಸಾಮಾನುಗಳ ನಡುವೆ ಒಬ್ಬ ಹುಡುಗನಿಗೆ 'ಗೋ' ಆಟದ ಮಣೆ ಸಿಗುತ್ತದೆ. ಅದರಲ್ಲಿ ಸಾವಿರ ವರ್ಷ ಹಿಂದಿನ ಆಟಗಾರನ ಆತ್ಮ. ಗೋ ಅಂದರೆ ಕಪ್ಪು ಬಿಳಿ ಕಲ್ಲುಗಳನ್ನು ಒಂದೊಂದಾಗಿ ಮಣೆಯ ಮೇಲಿಡುವ ಆಟ. ಗಂಟೆಗಟ್ಟಲೆ ಕೂತು ಆಡುವುದು. ಹುಡುಗರ ಪತ್ರಿಕೆಗೆ ಇದಕ್ಕಿಂತ ಒಗ್ಗದ ವಿಷಯ ಇನ್ನೊಂದಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಕಥೆ ಓದಿದ ಮಕ್ಕಳು ನಿಜವಾಗಿಯೂ ಗೋ ಕಲಿಯಲು ಹೋದರು. ಯುಕಾರಿ ಉಮೆಝಾವಾ ಎಂಬ ವೃತ್ತಿಪರ ಆಟಗಾರ್ತಿ ಆ ಕಥೆಗೆ ಸಲಹೆಗಾರರಾಗಿದ್ದರು. ಓದುವವರು ಹುಡುಗರು ತಾನೇ, ಯಾವ ಕಲ್ಲು ಎಲ್ಲಿಟ್ಟರೇನು ಅಂತ ಕಥೆ ಮಾಡಿದವರು ಬಿಟ್ಟುಬಿಡಲಿಲ್ಲ.

ನಮ್ಮ ಕಡೆ ಹೇಳುವಂತೆ ಹೇಳಿದರೆ ಮುದ್ದೆ ಒಂದೇ, ಸಾರು ಬೇರೆ. ಏನೂ ಬಾರದವನು ಬರುತ್ತಾನೆ, ಗುರು ಸಿಗುತ್ತಾನೆ, ಎದುರಾಳಿ ಸಿಗುತ್ತಾನೆ, ಸೋಲುತ್ತಾನೆ, ಮತ್ತೆ ಕೂತು ಕಲಿಯುತ್ತಾನೆ. ಬ್ರೆಡ್ಡಾಗಲಿ, ಗೋ ಆಗಲಿ, ಕರುತಾ ಆಗಲಿ, ಈ ಮುದ್ದೆ ಬದಲಾಗುವುದಿಲ್ಲ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಮುದ್ದೆ ಗೊತ್ತಿರುವುದರಿಂದಲೇ ಸಾರಿನ ರುಚಿ ನೋಡಲು ನಮಗೆ ಪುರುಸೊತ್ತು ಸಿಗುತ್ತದೆ.

ಇನ್ನೊಂದು ಕಾರಣ ವಯಸ್ಸು. ಮಕ್ಕಳಾಗಿದ್ದಾಗ ಮಾಂಗಾ ಓದಿದವರು ದೊಡ್ಡವರಾದ ಮೇಲೂ ಬಿಡಲಿಲ್ಲ. ಅವರಿಗಾಗಿ ಬೇರೆ ಪತ್ರಿಕೆಗಳು ಬಂದವು. 1983ರಲ್ಲಿ ಕೆನ್ಶಿ ಹಿರೊಕಾನೆ ಶುರು ಮಾಡಿದ 'ಶಿಮಾ ಕೊಸಾಕು' ಕಥೆಯ ನಾಯಕ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಸೆಕ್ಷನ್ ಮುಖ್ಯಸ್ಥ. ವರ್ಷ ಕಳೆದಂತೆ ಅವನಿಗೂ ವಯಸ್ಸಾಗುತ್ತದೆ, ಬಡ್ತಿ ಸಿಗುತ್ತದೆ. 2008ರಲ್ಲಿ ಅವನು ಕಂಪನಿಯ ಅಧ್ಯಕ್ಷನೇ ಆದ. ಓದುಗರೂ ಅವನ ಜೊತೆಗೇ ಕೆಲಸಕ್ಕೆ ಹೋಗಿ ಬಂದು ತಲೆ ಬೆಳ್ಳಗೆ ಮಾಡಿಕೊಂಡವರು. ಹಿರೊಕಾನೆ ಸ್ವತಃ ಮಾತ್ಸುಶಿತಾ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡಿದ್ದವರು.

ಇದನ್ನು ಗಮನಿಸಿದ ಮೇಲೆ ಬೇರೆಯವರ ಬದುಕನ್ನೂ ನೋಡತೊಡಗಿದೆ. 'ಥೆರ್ಮಾಯ್ ರೋಮಾಯ್' ಬರೆದ ಮಾರಿ ಯಾಮಾಝಾಕಿ ಹದಿನೇಳನೇ ವಯಸ್ಸಿಗೇ ಚಿತ್ರಕಲೆ ಕಲಿಯಲು ಇಟಲಿಗೆ ಹೋದವರು. ಅವರ ಕಥೆಯಲ್ಲಿ ಪ್ರಾಚೀನ ರೋಮಿನ ಸ್ನಾನಗೃಹ ಕಟ್ಟುವವನೊಬ್ಬ ನೀರಲ್ಲಿ ಮುಳುಗಿ ಇವತ್ತಿನ ಜಪಾನಿನ ಸ್ನಾನಗೃಹದಲ್ಲಿ ಏಳುತ್ತಾನೆ. ಸ್ನಾನ ಮುಗಿಸಿ ಅಲ್ಲಿಯ ಮುದುಕರು ಕೊಟ್ಟ ತಣ್ಣನೆಯ ಹಣ್ಣಿನ ಹಾಲು ಕುಡಿದು ದಂಗಾಗುತ್ತಾನೆ. ಕೇಳಿದರೆ ವಿಚಿತ್ರ. ಎರಡು ದೇಶಗಳಲ್ಲಿ ಬದುಕಿದ ಒಬ್ಬ ಹೆಂಗಸಿನ ದೃಷ್ಟಿಯಿಂದ ನೋಡಿದರೆ ವಿಚಿತ್ರ ಏನೂ ಇಲ್ಲ. ಅಲ್ಲಿಯದು ಇಲ್ಲಿದ್ದಿದ್ದರೆ, ಇಲ್ಲಿಯದು ಅಲ್ಲಿದ್ದಿದ್ದರೆ ಅಂತ ಅವರು ದಿನಾ ಅಂದುಕೊಂಡಿರಬಹುದು.

ಹಬ್ಬದ ಮರಿ

ಸಂಕ್ರಾಂತಿಯ ಮಾರನೇ ಸಂಜೆ ಅಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಮೊರ ಹಿಡಿದು ಕೂತೆ. ಬೆಳಗ್ಗೆ ಸೋತಿದ್ದೆನಲ್ಲ, ಈ ಸಲ ಬೇರೆ ಕಥೆ ತೆಗೆದೆ. ಹಿರೊಮು ಅರಾಕಾವಾ ಅವರ 'ಸಿಲ್ವರ್ ಸ್ಪೂನ್'. ಅರಾಕಾವಾ ಜಪಾನಿನ ಹೊಕ್ಕಾಯ್ದೊ ದ್ವೀಪದ ಹೈನುಗಾರರ ಮನೆಯ ಮಗಳು. ಈ ಕಥೆ 2011ರಿಂದ 2019ರವರೆಗೆ ಬಂತು. ಅಮ್ಮನಿಗೆ ಹೆಸರು ವರ್ಷ ಯಾವುದನ್ನೂ ಹೇಳಲಿಲ್ಲ. ಹುಡುಗನ ವಿಷಯ ಹೇಳಿದೆ.

ಹಾಚಿಕೆನ್ ಪಟ್ಟಣದ ಹುಡುಗ. ಓದು ಓದು ಅನ್ನುವ ಮನೆಯಿಂದ ತಪ್ಪಿಸಿಕೊಳ್ಳಲು ಹಾಸ್ಟೆಲ್ ಇರುವ ಕೃಷಿ ಹೈಸ್ಕೂಲಿಗೆ ಸೇರುತ್ತಾನೆ. ಉಳಿದವರೆಲ್ಲ ಒಕ್ಕಲು ಮಕ್ಕಳು. ಅಲ್ಲಿ ಹಂದಿ ಈದಿರುತ್ತದೆ. ತಾಯಿಹಂದಿಯ ಮೊಲೆಗಳಲ್ಲಿ ಮುಂದಿನವುಗಳಿಗೆ ಹಾಲು ಜಾಸ್ತಿ. ಬಲವಾದ ಮರಿಗಳು ಅವನ್ನು ಹಿಡಿದುಬಿಡುತ್ತವೆ. ಎಲ್ಲಕ್ಕಿಂತ ಸಣ್ಣ ಮರಿಗೆ ಹಾಲು ಬಾರದ ಮೊಲೆ. ಅದರ ಮೇಲೆ ಇವನಿಗೆ ಮನಸ್ಸಾಗುತ್ತದೆ. ಜೊತೆಯವರು ಹೇಳುತ್ತಾರೆ, ಹೆಸರಿಡಬೇಡ, ಅದು ಮಾಂಸಕ್ಕೆ ಹೋಗುವ ಮರಿ.

ಅಮ್ಮನ ಕೈ ನಿಂತಿತು. "ನಿಮ್ಮಜ್ಜೀನೂ ಅದೇ ಹೇಳೋರು. ಹಬ್ಬದ ಮರೀಗೆ ಹೆಸ್ರಿಡ್ಬಾರ್ದು ಅಂತ."

ನನಗೆ ಗೊತ್ತಿತ್ತು. ನಾನು ಇಟ್ಟಿದ್ದೆ. ಮಾರಿಹಬ್ಬಕ್ಕೆ ಅಂತ ತಂದು ಕಟ್ಟಿದ ಟಗರು ಮರಿ, ಕಿವಿ ಹತ್ತಿರ ಕೆಂಪು ಮಚ್ಚೆ. ಕೆಂಚ ಅಂತ ಕರೆಯುತ್ತಿದ್ದೆ. ಸ್ಕೂಲಿಂದ ಬಂದ ತಕ್ಷಣ ಹಲಸಿನ ಸೊಪ್ಪು ಹಿಡಿದು ಅದರ ಹತ್ತಿರ ಹೋಗುತ್ತಿದ್ದೆ. ಸೊಪ್ಪು ಕೈಯಲ್ಲಿರುವಾಗಲೇ ತೊಟ್ಟಿನವರೆಗೆ ಕಚ್ಚಿಕೊಂಡು ಬರುತ್ತಿತ್ತು, ಕೊನೆಗೆ ಅದರ ತುಟಿ ಬೆರಳಿಗೆ ತಾಗುತ್ತಿತ್ತು. ಹಬ್ಬದ ದಿನ ನಾನು ಹಿತ್ತಲಿನ ಹುಲ್ಲಿನ ಮೆದೆ ಹಿಂದೆ ಕೂತಿದ್ದೆ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ನೆಂಟರೆಲ್ಲ ಉಂಡು ಎದ್ದರು. ರಾತ್ರಿ ಹಸಿವಾಯಿತು. ಅಜ್ಜಿ ಏನೂ ಕೇಳದೆ ತಟ್ಟೆ ಹಾಕಿದರು. ತಿಂದೆ. ರುಚಿಯಾಗಿತ್ತು. ಆ ರುಚಿಯ ಬಗ್ಗೆ ಇಲ್ಲಿಯವರೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ.

ಹಾಚಿಕೆನ್ ಆ ಮರಿಗೆ ಬುತಾದೊನ್ ಅಂತ ಹೆಸರಿಡುತ್ತಾನೆ. ಅನ್ನದ ಮೇಲೆ ಹಂದಿಮಾಂಸ ಹಾಕಿ ಕೊಡುವ ಊಟದ ಹೆಸರು ಅದು. ಕೊನೆಗೆ ಏನಾಗುತ್ತದೆ ಅನ್ನುವುದನ್ನು ಮರೆಯಬಾರದು ಅಂತಲೇ ಆ ಹೆಸರು. ಬೇಸಿಗೆ ರಜೆಯಲ್ಲಿ ಅವನು ಗೆಳತಿಯ ಮನೆಯ ದನದ ಕೊಟ್ಟಿಗೆಯಲ್ಲಿ ದುಡಿದು ಸಂಬಳ ಸಂಪಾದಿಸುತ್ತಾನೆ. ವಾಪಸು ಬರುವಷ್ಟರಲ್ಲಿ ಮರಿ ಮರಿಯಾಗಿ ಉಳಿದಿಲ್ಲ, ದಪ್ಪ ಹಂದಿಯಾಗಿದೆ. ಬುತಾದೊನ್ ಕಸಾಯಿಖಾನೆಗೆ ಹೋಗುತ್ತದೆ. ಓದುತ್ತಿದ್ದಾಗ ಕೊನೇ ಗಳಿಗೆಯಲ್ಲಿ ಯಾರೋ ಉಳಿಸುತ್ತಾರೆ ಅಂತ ಕಾದೆ. ಯಾರೂ ಉಳಿಸಲಿಲ್ಲ. ಹಾಚಿಕೆನ್ ಬೇಸಿಗೆಯ ಸಂಬಳ ಕೊಟ್ಟು ಅದರ ಮಾಂಸವನ್ನೆಲ್ಲ ತಾನೇ ಕೊಳ್ಳುತ್ತಾನೆ. ಬೇಕನ್ ಮಾಡುವುದನ್ನು ಕಲಿಯುತ್ತಾನೆ, ಎಲ್ಲರಿಗೂ ಹಂಚುತ್ತಾನೆ, ತಾನೂ ತಿನ್ನುತ್ತಾನೆ. ರುಚಿಯಾಗಿರುತ್ತದೆ. ಅರಾಕಾವಾ ಅದನ್ನು ಮುಚ್ಚಿಡುವುದಿಲ್ಲ. ಅಳುವುದೂ ಉಂಟು, ರುಚಿಯೂ ಉಂಟು. ಪ್ರಾಣಿ ಸಾಕುವವರ ನಡುವೆ ಬೆಳೆದವರಿಗೆ ಮಾತ್ರ ಈ ಎರಡನ್ನೂ ಒಂದೇ ಪುಟದಲ್ಲಿ ಇಡಲು ಬರುತ್ತದೆ.

ಕಥೆ ಮುಗಿದಾಗ ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ದುಡ್ಡು ಕೊಟ್ನಲ್ಲ. ಒಳ್ಳೇ ಹುಡುಗ ಕಣಪ್ಪ" ಅಂದರು. ನಾನು ಇಷ್ಟು ವರ್ಷದಲ್ಲಿ ಆ ಸಂಬಳದ ವಿಷಯಕ್ಕೆ ಅಷ್ಟು ತೂಕ ಕೊಟ್ಟೇ ಇರಲಿಲ್ಲ. ಮಾಂಸ ಕೊಂಡಿದ್ದು ಅವನ ದುಃಖಕ್ಕೆ ಅಂದುಕೊಂಡಿದ್ದೆ. ಅಮ್ಮನಿಗೆ ಕಂಡಿದ್ದು ಲೆಕ್ಕ. ದುಡಿದವನು ತನ್ನ ದುಡಿಮೆಯನ್ನು ಆ ಪ್ರಾಣಿಯ ಬೆಲೆಗೆ ಇಟ್ಟ.

ಎಲ್ಲ ಎಳೆಯೂ ಒಂದೇ ಅಲ್ಲ

ಮಾಂಗಾದ ಎಲ್ಲ ಹೊಸ ಎಳೆಯೂ ನನ್ನನ್ನು ಹೀಗೆ ಹಿಡಿಯುವುದಿಲ್ಲ. ಈಚಿನ ವರ್ಷಗಳಲ್ಲಿ 'ಇಸೆಕಾಯ್' ಅನ್ನುವ ಬಗೆಯ ಕಥೆಗಳು ರಾಶಿ ಬಿದ್ದಿವೆ. ಇಲ್ಲಿ ಸತ್ತವನು ಇನ್ನೊಂದು ಲೋಕದಲ್ಲಿ ಹುಟ್ಟುತ್ತಾನೆ. ಒಬ್ಬ ಲೋಳೆಯಂಥ ಜೀವಿಯಾಗಿ, ಒಬ್ಬ ತಂಪು ಪಾನೀಯ ಕೊಡುವ ವೆಂಡಿಂಗ್ ಮಷೀನ್ ಆಗಿ. ಕಥೆಯ ಹೆಸರಿನಲ್ಲೇ ಪೂರ್ತಿ ಎಳೆ ಇರುತ್ತದೆ. ಬಹಳಷ್ಟು ವೆಬ್ ಕಾದಂಬರಿಗಳಿಂದ ಬಂದವು, ಅಲ್ಲಿ ಹೆಸರು ನೋಡಿಯೇ ಓದುಗರು ಒಳಗೆ ಬರಬೇಕು. ಹಾಗಾಗಿ ಅದು ಯಾಕೆ ಹೀಗೆ ಅಂತ ಅರ್ಥವಾಗುತ್ತದೆ. ಕೆಲವನ್ನು ಖುಷಿಯಿಂದಲೇ ಓದಿದ್ದೇನೆ. ಆದರೆ ಬಹಳ ಸಲ ಎಳೆ ಹೇಳಿದ ಮೇಲೆ ಹೇಳಲು ಇನ್ನೇನೂ ಉಳಿದಿರುವುದಿಲ್ಲ. ಕರುತಾ ಕಥೆಯದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಎಳೆ ಹೇಳಿದರೆ ಏನನ್ನೂ ಹೇಳಿದ ಹಾಗಾಗುವುದಿಲ್ಲ.

ಇನ್ನೂ ಮುಂದೆ ಹೋದರೆ ಜಿರೊ ತಾನಿಗುಚಿ ಸಿಗುತ್ತಾರೆ. 1990ರ ಹೊತ್ತಿಗೆ ಅವರು ಬರೆದ 'ನಡೆಯುವ ಮನುಷ್ಯ'ನಲ್ಲಿ ಎಳೆಯೇ ಇಲ್ಲ. ಒಬ್ಬ ಗಂಡಸು ಹೊಸ ಬಡಾವಣೆಗೆ ಬಂದು ಸೇರಿದ್ದಾನೆ. ನಡೆಯಲು ಹೋಗುತ್ತಾನೆ. ಮಳೆ ಬರುತ್ತದೆ, ಹಿಮ ಬೀಳುತ್ತದೆ, ನಾಯಿ ಜೊತೆಗೆ ಬರುತ್ತದೆ. ಒಮ್ಮೆ ಶೂ ಕಳಚಿಟ್ಟು ಮರ ಹತ್ತುತ್ತಾನೆ. ಮಾತು ಬಹಳ ಕಮ್ಮಿ. ಎಲೆ, ಹೆಂಚು, ಕರೆಂಟು ತಂತಿ, ಬೇಲಿ, ಒಂದೊಂದನ್ನೂ ಅವರು ಬಿಡದೆ ಗೀಚಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ಬೇಗ ಬೇಗ ಪುಟ ತಿರುಗಿಸಿ ಅರ್ಧ ಗಂಟೆಯಲ್ಲಿ ಮುಗಿಸಿದ್ದೆ. ಎರಡನೇ ಸಲ ಒಂದು ವಾರ ಹಿಡಿಯಿತು.

ಊರಿಂದ ಹೊರಡುವ ಹಿಂದಿನ ದಿನ ಅಮ್ಮ ತಾವಾಗಿಯೇ ಕೇಳಿದರು. "ಆ ಹಂದಿ ಹುಡ್ಗ ಆಮೇಲೂ ಸಾಕಿದ್ನಾ?" ಸಾಕಿದ, ಗೆಳೆಯನ ಜೊತೆ ಸೇರಿ ಹಂದಿ ಸಾಕಣೆಯನ್ನೇ ಶುರು ಮಾಡಿದ, ಅಂದೆ. "ಹಂಗಾದ್ರೆ ಮೊದ್ಲಿಂದ ಓದು, ಕೇಳ್ತೀನಿ." ಮೊದಲ ಸಂಪುಟ ಚೀಲದಲ್ಲಿತ್ತು. ಅಮ್ಮ ಅದನ್ನು ತೆಗೆದುಕೊಂಡು ನಮ್ಮ ಪುಸ್ತಕದ ಹಾಗೆ ಎಡದಿಂದ ತೆರೆದರು. ಅಲ್ಲಮ್ಮ, ಇದು ಈ ಕಡೆಯಿಂದ, ಅಂತ ತಿರುಗಿಸಿ ಕೊಟ್ಟೆ. ಇಂಗ್ಲಿಷಿನಲ್ಲಿದ್ದ ಮಾತುಗಳನ್ನು ಒಂದೊಂದು ಚಿತ್ರಕ್ಕೂ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದೆ. ಇಲ್ಲಿ ಬೆವರುತ್ತಿದ್ದಾನೆ. ಇಲ್ಲಿ ಕೋಳಿಯ ತಲೆ ಕತ್ತರಿಸಿದ್ದು ನೋಡಿ ಹೆದರಿದ್ದಾನೆ. ಇಲ್ಲಿ ಕೋಳಿಗೆ ಮೊಟ್ಟೆ ಎಲ್ಲಿಂದ ಬರುತ್ತದೆ ಅಂತ ಈಗಷ್ಟೇ ಗೊತ್ತಾಗಿ, ಊಟದ ಮುಂದೆ ಮೊಟ್ಟೆ ಇಟ್ಟುಕೊಂಡು ತಿನ್ನಲಾರದೆ ಕೂತಿದ್ದಾನೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಚಿತ್ರದ ಮೇಲೆ ಬಾಗಿದರು. "ಅಷ್ಟೂ ಗೊತ್ತಿರ್ಲಿಲ್ವಾ ಇವ್ನಿಗೆ? ಪಾಪ" ಅಂದರು. "ತಿಂತಾನಾ?" ಪುಟ ತಿರುಗಿಸಲು ನಾನು ಕೈ ಹಾಕಿದೆ. ಅವರೇ ತಿರುಗಿಸಿದರು, ಸರಿಯಾದ ಕಡೆಯಿಂದ.